ಕೆನ್ನೆಯ ನೆರಳು

ಮನೆಯಿಂದ, ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಆ ಹೋಟೆಲಿನವರ ಹಾಸಿಗೆ ಬಟ್ಟೆಗೆ ಇಸ್ತ್ರಿ ತಿಕ್ಕಿ ತಿಕ್ಕಿ ಭುಜ ಹಿಡಿದುಕೊಂಡಿದೆ ಅಂದಿದ್ದೆಯಲ್ಲ, ಬಿಟ್ಟಿತೇ? ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಮಗಳು ಪಕ್ಕದಲ್ಲೇ ಕಿವಿ ನೆಟ್ಟುಕೊಂಡು ಕೂತಿರುತ್ತಾಳೆ. ಅದಕ್ಕೇ ಈ ಕಾಗದ.

ನೀನು ಕೊಡಿಸಿದ ಟ್ಯಾಬಿನಿಂದ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ. ಶಾಲೆಯ ಚಿತ್ರ ಪ್ರದರ್ಶನಕ್ಕೆ ಮನೆಯವರೊಬ್ಬರ ಮುಖ ಬರೆದು ಕೊಡಬೇಕಂತೆ. ನಮ್ಮ ಚೂಟಿ ಹಿಡಿದದ್ದು ನಿನ್ನನ್ನು. ನಾನಿಲ್ಲೇ ಕಣ್ಣೆದುರಿಗೆ ಕೂತಿದ್ದೀನಲ್ಲ, ನನ್ನನ್ನೇ ಬರಿ ಅಂದರೆ, "ನಿನ್ನ ಸುಕ್ಕು ಮುಗಿಯೋಷ್ಟರಲ್ಲಿ ಬ್ಯಾಟರಿ ಮುಗಿಯುತ್ತೆ ಅಜ್ಜಿ" ಅಂದಳು. ಯಾರ ನಾಲಿಗೆ ಬಂತೋ ಇವಳಿಗೆ! ಎರಡು ತಿಂಗಳಾಯಿತು, ಅದೇ ಮುಖ, ದಿನಕ್ಕೊಂದು ವೇಷ. ಒಂದು ಸಲ ನೆರಳನ್ನು ಹತ್ತಿಯ ಹಾಗೆ ಮೆತ್ತಗೆ ಸವರಿದಳು, ನೀನು ಹೊಗೆಯೊಳಗಿಂದ ಇಣುಕಿದ ಹಾಗಿತ್ತು. ಮರುವಾರ ಕತ್ತರಿಯಲ್ಲಿ ಕತ್ತರಿಸಿದಂತೆ ಅರ್ಧ ಮುಖ ಬೆಳಕು, ಅರ್ಧ ಮುಖ ಕತ್ತಲು. ಆಮೇಲೆ ಬರೀ ಗೀರು, ಬೆಕ್ಕು ಪರಚಿತೇನೋ ಅಂದೆ, ಎರಡು ದಿನ ಮಾತು ಬಿಟ್ಟಳು. ನೆರಳಿಗೆ ಕಪ್ಪು ಬಳಿಯಬಾರದಂತೆ, ನೇರಳೆ ಹಾಕಬೇಕಂತೆ, ಆಗ ಪಕ್ಕದ ಹಳದಿ ಎದ್ದು ಕಾಣುತ್ತದಂತೆ. ಅದು ನನಗೆ ಗೊತ್ತಿಲ್ಲದ್ದೇನೇ? ನಲವತ್ತು ವರ್ಷ ಊರವರ ಬಟ್ಟೆ ಹೊಲಿದಿದ್ದೇನೆ, ಹಳದಿ ಅಂಚಿಗೆ ನೇರಳೆ ದಾರ ಕೊಟ್ಟರೆ ಅಂಚು ಕೂಗಿ ಕರೆಯುತ್ತದೆ. ಆದರೆ ಅದು ಬಟ್ಟೆ ಕಣೇ. ಹೆತ್ತ ಮಗಳ ಮುಖ ಬದನೆಕಾಯಿ ಆಗುತ್ತಿದ್ದರೆ ಸುಮ್ಮನೆ ಕೂರಲಾಗುತ್ತದೆಯೇ?

ಹಾಳಾಗಲಿ, ಬಣ್ಣ ಏನಾದರೂ ಇರಲಿ. ಹೇಗೆ ಬರೆದರೂ ಕೆನ್ನೆ ಮಾತ್ರ ನೆರಳು ತುಂಬಿ ಒಳಕ್ಕೆ ಕುಸಿದ ಹಾಗೆ. ಅವಳ ಚಿತ್ರದ ಮೇಷ್ಟ್ರು ನೋಡಿ, ಕಾಂಟ್ರಾಸ್ಟ್ ಅತಿಯಾಯಿತು, ಕೆನ್ನೆಯ ನೆರಳು ಅರ್ಧ ಇಳಿಸು ಅಂದರಂತೆ. ನಾನೂ ಅವರ ಜೊತೆ ಸೇರಿಕೊಂಡೆ. ಹುಡುಗಿ ಮಾತ್ರ "ಇರೋ ಹಾಗೇ ಬರೆದಿದ್ದೀನಿ" ಅಂತ ಹಿಡಿದ ಹಟ ಬಿಡಲಿಲ್ಲ. ನೀನು ವಿಡಿಯೋ ಫೋನ್ ಮಾಡುವಾಗ ಕಣ್ಣುರಿ ಅಂತ ಹೇಳಿ ದೀಪ ಆರಿಸಿಕೊಂಡು ಕೂರುತ್ತೀಯಲ್ಲ, ಫೋನಿನ ಬೆಳಕು ಕೆಳಗಿಂದ ಬಿದ್ದರೆ ಯಾರ ಮುಖವಾದರೂ ಹಾಗೇ ಕಾಣುತ್ತದೆ ಅಂತ ಮೇಷ್ಟ್ರು ತಿಳಿಸಿ ಹೇಳಿದರಂತೆ. ಸರಿ, ಅದನ್ನೂ ಪರೀಕ್ಷೆ ಮಾಡಿಯೇ ಬಿಟ್ಟಳು. ನನ್ನನ್ನು ಸಾಮಾನಿನ ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಬಕೆಟ್ಟಿನ ಮೇಲೆ ಕೂರಿಸಿ, ಗದ್ದದ ಕೆಳಗೆ ಫೋನ್ ಹಿಡಿಸಿ ಬರೆದಳು. ಮೂಗಿನ ಹೊಳ್ಳೆ ಗುಹೆಯಾಯಿತು, ಹುಬ್ಬು ಹಣೆಗೆ ಹತ್ತಿತು. ಕೆನ್ನೆ ಮಾತ್ರ ಇದ್ದ ಹಾಗೇ ಇತ್ತು. ಆ ಬೆಳಕಿಗೆ ಎಪ್ಪತ್ತೆರಡರ ಕೆನ್ನೆಯೇ ಕುಸಿಯದಿದ್ದ ಮೇಲೆ ನಲವತ್ತರ ಕೆನ್ನೆ ಹೇಗೆ ಕುಸಿದೀತು? ಆಗಲಾದರೂ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಲಿಲ್ಲ. "ಹೆತ್ತವಳು ನಾನು, ನನಗೆ ಗೊತ್ತಿಲ್ಲವಾ ಅವಳ ಮುಖ? ಕೆನ್ನೆ ತುಂಬಿಸು" ಅಂತ ರೇಗಿದೆ.

ಶನಿವಾರ ಶಾಲೆಯಿಂದ ಬಂದವಳೇ ಟ್ಯಾಬನ್ನು ನನ್ನ ಮಡಿಲಿಗೆ ಹಾಕಿದಳು. ಅದರಲ್ಲಿ ನೆರಳನ್ನು ಬೇರೆಯೇ ಒಂದು ಹಾಳೆಯ ಮೇಲೆ ಬರೆಯುತ್ತಾರೆ, ಗಾಜಿನ ಹಾಗೆ ಮುಖದ ಮೇಲೆ ಹೊದಿಸಿರುತ್ತಾರೆ. ಬೆರಳಲ್ಲಿ ಒತ್ತಿದಳು, ನೆರಳು ಹೋಯಿತು. ಎರಡೂವರೆ ವರ್ಷದ ಹಿಂದೆ ಬಸ್ಸು ಹತ್ತಿದ ನನ್ನ ಮಗಳು ತುಂಬಿದ ಕೆನ್ನೆಯಲ್ಲಿ ನಗುತ್ತಾ ಕೂತಿದ್ದಳು. "ಹೂಂ, ಇದೇ ನೋಡು" ಅಂದೆ. "ಇದು ಗೋಡೆ ಮೇಲಿರೋ ಫೋಟೋ ಅಜ್ಜಿ, ಅದನ್ನ ನೋಡಿಕೊಂಡೇ ಕೆಳಗಿನ ಹಾಳೆ ಬರೆದದ್ದು" ಅಂತ ಇನ್ನೊಮ್ಮೆ ಒತ್ತಿದಳು. ನೆರಳು ವಾಪಸು ಬಂತು. "ಇದು ಅಮ್ಮ. ಸಣ್ಣ ಆಗಿದ್ದಾಳೆ, ಚೆನ್ನಾಗೇ ಕಾಣ್ತಾಳಲ್ಲ" ಅಂದಳು. ಅವಳಿಗೆ ಅದು ಅಷ್ಟೇ. ನಾನು ಎದ್ದು ಒಳಗೆ ಹೋದೆ. ಮಡಚಿಟ್ಟಿದ್ದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಒಳಗೇ ಇದ್ದೆ. ಆಮೇಲೆ ಬಂದು, ಮೇಷ್ಟ್ರು ಏನಾದರೂ ಅನ್ನಲಿ, ಒಂದು ಗೀರೂ ಬದಲಿಸಬೇಡ, ಹೀಗೇ ಕೊಡು ಅಂದೆ. "ಇಷ್ಟು ದಿನ ಗೋಳು ಹೊಯ್ದುಕೊಂಡೆಯಲ್ಲ, ಈಗ ಏನಾಯಿತು ನಿನಗೆ?" ಅಂತ ಬೆರಗಾದಳು. ನಿನ್ನೆ ಕೊಟ್ಟು ಬಂದಳು.

ಇನ್ನೇನು ಬರೆಯಲಿ? ಮನೆಯ ಬಗ್ಗೆ ಚಿಂತೆ ಮಾಡಬೇಡ. ಬಿಸಿ ಇಸ್ತ್ರಿಯ ಮುಂದೆ ಬರಿಹೊಟ್ಟೆಯಲ್ಲಿ ನಿಲ್ಲಬೇಡ. ನೂರು ವರ್ಷ ಬಾಳು ತಾಯಿ.

ನಿನ್ನ ಬಾಯಿಬಡುಕಿ ಅಮ್ಮ

ಮರೆತಿದ್ದೆ: ಕಾಗದ ಮುಟ್ಟಿದ ಮರುದಿನ ಹನ್ನೊಂದು ಗಂಟೆಗೆ ಫೋನ್ ಮಾಡು. ಆಗ ಚೂಟಿ ಶಾಲೆಯಲ್ಲಿರುತ್ತಾಳೆ. ದೀಪ ಹಾಕಿಕೊಂಡು ಕೂರು, ಇಲ್ಲವೇ ಕಿಟಕಿ ತೆಗೆ. ಅಮ್ಮನ ಕಣ್ಣು ಮಂಜಾಗಿದೆ ಅಂತ ಧೈರ್ಯವಾಗಿ ಕತ್ತಲಲ್ಲಿ ಕೂತೆ, ಮಗುವಿನ ಕಣ್ಣನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ನೀನು. ಡಾಕ್ಟರ ಹತ್ತಿರ ಹೋಗಿದ್ದೆಯಾ, ಏನಂದರು, ಎಲ್ಲಾ ಹೇಳು. ಅವಳಿಗೆ ನಾನು ಏನೂ ಹೇಳಿಲ್ಲ. ಬೈಯುವುದಿಲ್ಲ. ಬೈದರೆ ಫೋನ್ ಇಟ್ಟುಬಿಡು, ಆದರೆ ಹೇಳಿ ಇಡು.