ನಮಗೆ ಬರಬೇಕಾದ ಎಂಟನೆಯ ಶನಿವಾರ

ಮಾನ್ಯ ನಿರ್ದೇಶಕರೇ,

ತಡವಾಗಿ ಮಾತು ಕಲಿಯುವ ಮಕ್ಕಳನ್ನು ಮನೆಯಲ್ಲಿ ಹೇಗೆ ಮಾತನಾಡಿಸಬೇಕೆಂದು ಪಾಲಕರಿಗೆ ಹೇಳಿಕೊಡುತ್ತಿದ್ದ ಶನಿವಾರದ ತರಗತಿಯನ್ನು ನೀವು ಏಳನೆಯ ವಾರಕ್ಕೆ ನಿಲ್ಲಿಸಿದಿರಿ. ಹನ್ನೆರಡು ವಾರ ಎಂದು ಹೇಳಿ ನಮ್ಮನ್ನು ಕರೆದವರೂ ನೀವೇ. ಬಾಗಿಲಿಗೆ ಅಂಟಿಸಿದ ಆದೇಶದಲ್ಲಿ ಎರಡು ಕಾರಣಗಳಿವೆ: ಮಕ್ಕಳಲ್ಲಿ ನಿರೀಕ್ಷಿತ ಪ್ರಗತಿ ಕಂಡುಬಂದಿಲ್ಲ, ಪಾಲಕರಿಂದ ಸಹಕಾರ ದೊರೆತಿಲ್ಲ. ಮೊದಲನೆಯದು ನೋಡಿದವರ ಕಣ್ಣಿನ ದೋಷ ಎಂದುಕೊಂಡು ಸುಮ್ಮನಿರಬಹುದಿತ್ತು. ಎರಡನೆಯದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ತರಗತಿಗೆ ಬರುತ್ತಿದ್ದ ಹನ್ನೊಂದು ಜನ ಪಾಲಕರಲ್ಲಿ ನಾನೂ ಒಬ್ಬಳು. ನನ್ನ ತಂಗಿಗೆ ಆಸ್ಪತ್ರೆಯಲ್ಲಿ ದಾದಿಯ ಕೆಲಸ, ಪಾಳಿಯ ಮೇಲೆ ಪಾಳಿ. ಅವಳ ಮಗಳು ಹಗಲೆಲ್ಲ ನನ್ನ ಬಳಿ ಇರುತ್ತಾಳೆ. ಚೋಟುದ್ದ ಇದ್ದಾಳೆಂದು ಚೋಟಿ ಎನ್ನುತ್ತೇವೆ. ಮೂರು ವರ್ಷ ತುಂಬಿದರೂ ಅವಳ ಬಾಯಲ್ಲಿ ಒಂದು ಪದ ಇರಲಿಲ್ಲ. ಕಿವಿ ಸರಿಯಿದೆ ಎಂದು ವೈದ್ಯರು ಹೇಳಿದ್ದರು. ಕರೆದರೆ ತಿರುಗುತ್ತಾಳೆ, ಹೇಳಿದ್ದು ತಿಳಿಯುತ್ತದೆ. "ಅವರಪ್ಪನೂ ಲೇಟಾಗೇ ಮಾತಾಡಿದ್ದು, ತಾನಾಗೇ ಬರತ್ತೆ ಬಿಡಿ" ಎಂದು ಕಂಡವರೆಲ್ಲ ಸಮಾಧಾನ ಹೇಳುತ್ತಿದ್ದಾಗ, ಹಾಗೆ ಬಿಡಬೇಡಿ, ನಮ್ಮಲ್ಲಿಗೆ ಬನ್ನಿ ಎಂದು ಹೇಳಿದ್ದು ನಿಮ್ಮ ಮಕ್ಕಳ ಕಲ್ಯಾಣ ಇಲಾಖೆಯ ಕರಪತ್ರ. ನಾನು ಅದನ್ನು ನಂಬಿದೆ. ನಂಬಿ, ನಮ್ಮ ಬೀದಿಯ ಟೈಲರ್ ಹೆಂಗಸನ್ನೂ ಅವಳ ಮಗನೊಂದಿಗೆ ಹೊರಡಿಸಿದೆ. "ಅಕ್ಕಾ, ಶನಿವಾರ ಅಂಗಡಿ ಬಾಗಿಲು ಹಾಕಿ ಬರ್ತಿದೀನಿ, ನೀವು ಹೇಳಿದ್ದಕ್ಕೆ" ಎಂದಿದ್ದಳು. ಈಗ ಅಂಗಡಿಯ ಮುಂದೆ ಹಾದರೆ ಅವಳು ಹೊಲಿಗೆಯಿಂದ ತಲೆ ಎತ್ತುವುದಿಲ್ಲ. ಏನಾದರೂ ಅಂದಿದ್ದರೆ ವಾಸಿಯಿತ್ತು.

ತರಗತಿ ನಡೆಯುತ್ತಿದ್ದದ್ದು ನಿಮ್ಮದೇ ಕಟ್ಟಡದ ಎರಡನೆಯ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಯ ಪಕ್ಕದಲ್ಲಿ. ನಾಲ್ಕು ಚಾಪೆ, ಒಂದು ಫ್ಯಾನು, ಸೈಕಲ್ ಸ್ಟ್ಯಾಂಡಿನ ಕಡೆಗೆ ಒಂದು ಕಿಟಕಿ. ಕಲಿಸುತ್ತಿದ್ದ ಟೀಚರಮ್ಮನಿಗೆ ಮೂವತ್ತು ದಾಟಿರಲಿಲ್ಲ. ಮೊದಲ ದಿನ ಆಕೆ ನಮಗೆ ಏನೂ ಬೋಧಿಸಲಿಲ್ಲ. ಒಬ್ಬೊಬ್ಬರೂ ನಮ್ಮ ನಮ್ಮ ಮಗುವಿನೊಂದಿಗೆ ಹತ್ತು ನಿಮಿಷ ಆಡಬೇಕು, ಆಕೆ ಫೋನಿನಲ್ಲಿ ಚಿತ್ರೀಕರಿಸುವುದು, ಆಮೇಲೆ ನಾವೇ ಕೂತು ನೋಡುವುದು. ನನ್ನ ಸರದಿ ಬಂದಾಗ ಕೈಗೆ ಪೆನ್ಸಿಲ್ ಕೊಟ್ಟು, "ನೀವು ಕೇಳಿದ ಒಂದೊಂದು ಪ್ರಶ್ನೆಗೂ ಒಂದೊಂದು ಗೀಟು ಹಾಕಿ ಅಕ್ಕ" ಎಂದರು. ಇದೇನು, ಅದೇನು, ಯಾವ ಬಣ್ಣ, ಎಲ್ಲಿದೆ, ಯಾರು ಕೊಟ್ಟಿದ್ದು. ಹತ್ತು ನಿಮಿಷಕ್ಕೆ ನಲವತ್ತೊಂದು ಗೀಟು. "ಇದು ಮಗು ಜೊತೆ ಮಾತಾ ಅಕ್ಕ, ಪೊಲೀಸ್ ವಿಚಾರಣೆನಾ?" ಎಂದು ಆಕೆ ನಕ್ಕರು. ಮೊಮ್ಮಗನನ್ನು ಕರೆತಂದಿದ್ದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರದು ಐವತ್ತಾರು ಗೀಟು. "ನಂದೇನು ಬಿಡಮ್ಮ, ಜೀವಮಾನವೆಲ್ಲ ಎಲ್ಲಿಗೆ, ಎಲ್ಲಿಗೆ ಅಂತ ಕೇಳ್ಕೊಂಡೇ ಬಂದೋನು. ಕೇಳ್ಬೇಡ ಅಂದ್ರೆ ಬಾಯಿಗೆ ಬೀಗ ಹಾಕ್ದಂಗೆ" ಎಂದರು. ಎಲ್ಲರೂ ನಕ್ಕೆವು. ಆದರೆ ನನಗೆ ಒಳಗೆ ನಾಚಿಕೆಯಾಗಿತ್ತು. ಎರಡು ವರ್ಷ ಸ್ನಾತಕೋತ್ತರ ತರಗತಿಯಲ್ಲಿ ಕೂತು ಸಾಹಿತ್ಯ ಓದಿದವಳು ನಾನು. ಕವಿತೆಯ ಸಾಲಿನ ಕೊನೆಯಲ್ಲಿ ನಿಲ್ಲಬೇಕೆಂದು ಗೊತ್ತಿತ್ತು. ಒಂದು ಮಗುವಿನ ಮುಂದೆಯೂ ಮಾತು ನಿಲ್ಲಿಸಿ ಕಾಯಬೇಕೆಂದು ಯಾರೂ ಹೇಳಿರಲಿಲ್ಲ.

ಆರು ವಾರ ಕಲಿತದ್ದು ಇಷ್ಟೇ. ಕೇಳಬೇಡಿ, ಹೇಳಿ. ಮಗು ಯಾವುದನ್ನು ನೋಡುತ್ತಿದೆಯೋ ಅದರ ಬಗ್ಗೆ ಹೇಳಿ. ಹೇಳಿ, ಬಾಯಿ ಮುಚ್ಚಿ ಕಾಯಿರಿ. ಚೋಟಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳೆಂದರೆ ಪ್ರಾಣ. ಬಕೆಟ್ಟಿನ ಅಂಚಿಗೆ ಒಂದರ ಪಕ್ಕ ಒಂದು ಸಿಕ್ಕಿಸುತ್ತಾ ಕೂರುತ್ತಾಳೆ. ನಾನೂ ಬಚ್ಚಲುಮನೆಯ ಬಾಗಿಲಲ್ಲಿ ಅವಳ ಎದುರು ಕೂತೆ. "ಕ್ಲಿಪ್ಪು. ಕೆಂಪು ಕ್ಲಿಪ್ಪು" ಎನ್ನುತ್ತಾ ಒಂದೊಂದೇ ಕೊಡುವುದು, ಸುಮ್ಮನಾಗುವುದು. ಹನ್ನೊಂದು ದಿನ ಏನೂ ಇಲ್ಲ. ಲಟಕ್ ಎನ್ನುವ ನನ್ನ ಮಂಡಿ ಬಿಟ್ಟರೆ ಇನ್ನಾರೂ ಉತ್ತರ ಕೊಡಲಿಲ್ಲ. ಹನ್ನೆರಡನೆಯ ದಿನ ನಾನು ಮುಂದಿನ ಕ್ಲಿಪ್ಪನ್ನು ಮುಷ್ಟಿಯಲ್ಲೇ ಹಿಡಿದು ಅವಳ ಮುಖ ನೋಡುತ್ತಿದ್ದಾಗ, ಅವಳು ನನ್ನ ಬೆರಳುಗಳನ್ನು ಬಿಡಿಸುತ್ತಾ "ಇನ್ನೂ" ಎಂದಳು. ಪಾಳಿ ಮುಗಿಸಿ ಬಂದ ತಂಗಿ ಚಪ್ಪಲಿಯನ್ನೂ ಬಿಡದೆ ಬಚ್ಚಲಲ್ಲಿ ಕೂತು, ಇದ್ದ ಕ್ಲಿಪ್ಪುಗಳನ್ನೆಲ್ಲ ಖಾಲಿ ಮಾಡಿದಳು. ಆರನೆಯ ಶನಿವಾರದ ಹೊತ್ತಿಗೆ ಚೋಟಿಗೆ ಒಂಬತ್ತು ಪದ ಬರುತ್ತಿತ್ತು. ಇದು ಪ್ರಗತಿ ಅಲ್ಲವೆಂದರೆ, ನಿಮ್ಮ ಇಲಾಖೆಯಲ್ಲಿ ಪ್ರಗತಿ ಯಾವ ಎತ್ತರದಿಂದ ಶುರುವಾಗುತ್ತದೆ?

ಆಗ ನಿಮ್ಮ ಸುತ್ತೋಲೆ ಬಂತು. ಏಳನೆಯ ಶನಿವಾರ ನೀವು ಭೇಟಿ ಕೊಡುತ್ತೀರಿ. ಅಂದು ಮಕ್ಕಳು "ಸಾಧಿಸಿದ ಪ್ರಗತಿಯನ್ನು ಪ್ರದರ್ಶಿಸುವಂತೆ" ಪಾಲಕರು ಅವರನ್ನು ಸಿದ್ಧಪಡಿಸತಕ್ಕದ್ದು. ಜೊತೆಗೆ ಹತ್ತು ಚಿತ್ರಗಳ ಪಟ್ಟಿ, ಒಬ್ಬೊಬ್ಬ ಪಾಲಕರಿಗೂ ಒಂದೊಂದು ಪ್ರತಿ. ಟೀಚರಮ್ಮ ತಮ್ಮ ಪ್ರತಿಯನ್ನು ಓದಿ, ಮಡಿಸಿ, ಬ್ಯಾಗಿನಲ್ಲಿಟ್ಟರು. "ಏನೂ ಬಾಯಿಪಾಠ ಮಾಡಿಸ್ಬೇಡಿ. ಸುಮ್ನೆ ಕರ್ಕೊಂಡ್ ಬನ್ನಿ" ಎಂದರು. ಕಂಡಕ್ಟರ್ ತಾತ, "ದೊಡ್ಡೋರು ಬರ್ತಾರೆ, ಒಂದು ಮಾತೂ ಆಡ್ಲಿಲ್ಲ ಅಂದ್ರೆ ನಿನ್ನ ಕೆಲಸಕ್ಕೇ ಕುತ್ತಲ್ವೇನಮ್ಮ?" ಎಂದಾಗ ಆಕೆ ಚಾಪೆಗಳನ್ನು ಸುತ್ತಿಡತೊಡಗಿದರು.

ನನ್ನ ತಪ್ಪನ್ನೂ ಇಲ್ಲೇ ಬರೆಯುತ್ತೇನೆ. ಆಕೆಯ ಮಾತನ್ನು ನಾನು ಕೇಳಲಿಲ್ಲ. ತರಗತಿ ಉಳಿಯಬೇಕೆಂಬ ಆಸೆಗೆ ಚಿತ್ರಗಳನ್ನು ಕತ್ತರಿಸಿ, ಐದು ದಿನ ಚೋಟಿಯ ಮುಖದ ಮುಂದೆ ಹಿಡಿದೆ. ಬಸ್ಸಿನಲ್ಲಿ ಬರುವಾಗಲೂ ಬಿಡಲಿಲ್ಲ. "ಚೆಂಡು ಅನ್ನು ಚೋಟಿ. ಒಂದೇ ಒಂದ್ಸಲ ಅನ್ನು. ನನ್ನ ಬಂಗಾರ ಅಲ್ವಾ?" ಆರು ವಾರ ನಿಮ್ಮ ಕೋಣೆಯಲ್ಲಿ ಕಲಿತದ್ದನ್ನು ನಿಮ್ಮ ಒಂದು ಹಾಳೆಗಾಗಿ ಮುರಿದೆ. ನಾನೊಬ್ಬಳೇ ಅಲ್ಲ, ಹನ್ನೊಂದರಲ್ಲಿ ಒಂಬತ್ತು ಜನ ಹಾಗೆಯೇ ಮಾಡಿದ್ದೆವೆಂದು ಆಮೇಲೆ ತಿಳಿಯಿತು. ನಿರ್ದೇಶಕರೇ, ನಮ್ಮ ಸಹಕಾರ ಅಷ್ಟಿತ್ತು.

ನೀವು ಬಂದದ್ದು ನಲವತ್ತು ನಿಮಿಷ ತಡವಾಗಿ. ಚಾಪೆಯ ಅಂಚಿನಲ್ಲಿ ಬೂಟುಗಾಲಲ್ಲಿ ನಿಂತು, ಬಗ್ಗದೆ, ಚಿತ್ರವನ್ನು ಚೋಟಿಯ ಮುಂದೆ ಹಿಡಿದಿರಿ. "ಇದೇನು ಹೇಳು ಪುಟ್ಟಾ? ಏನಿದು? ಚೆಂಡು ಅಲ್ವಾ? ಹೇಳು, ಚೆಂಡು." ನಾಲ್ಕೂ ಒಂದೇ ಉಸಿರಿನಲ್ಲಿ. ಅವಳು ಚಿತ್ರವನ್ನು ನೋಡುತ್ತಿರಲಿಲ್ಲ. ನಿಮ್ಮ ಜೇಬಿಗೆ ಸಿಕ್ಕಿಸಿದ್ದ ಪೆನ್ನಿನ ಕ್ಲಿಪ್ಪನ್ನು ನೋಡುತ್ತಿದ್ದಳು. ಬೆರಳು ಎತ್ತಿದಳು. ತುಟಿ ಬಿಚ್ಚಿದ್ದನ್ನು ನಾನು ನೋಡಿದೆ, ಟೀಚರಮ್ಮನೂ ನೋಡಿದರು. ಅಷ್ಟರಲ್ಲಿ ನೀವು ಪಕ್ಕದ ಮಗುವಿನ ಕಡೆ ತಿರುಗಿದ್ದಿರಿ. ಹೊರಡುವಾಗ, "ಒಬ್ರೂ ಬಾಯೇ ಬಿಡಲ್ವಲ್ಲಮ್ಮ, ಏನ್ ಕಲಿಸಿದೀರಿ?" ಎಂದು ಎಲ್ಲರೆದುರು ಕೇಳಿದಿರಿ. ಆಕೆ ಮಕ್ಕಳಿಗೆ ಕಲಿಸುತ್ತಿರಲಿಲ್ಲ, ನಮಗೆ ಕಲಿಸುತ್ತಿದ್ದರು. ನೀವೇ ಮಂಜೂರು ಮಾಡಿದ ಯೋಜನೆ ಯಾರಿಗಾಗಿ ಎಂಬುದು ನಿಮಗೆ ತಿಳಿದಿರಲಿಲ್ಲವೇ?

ಅಂದಿನಿಂದ ಹದಿನೆಂಟು ದಿನ ಚೋಟಿ ಒಂದಕ್ಷರ ಮಾತನಾಡಲಿಲ್ಲ. ಏನನ್ನಾದರೂ ಮುಖದ ಮುಂದೆ ಹಿಡಿದರೆ, ಅದು ಬಾಚಣಿಗೆಯಾದರೂ ಸರಿ, ಗೋಡೆಯ ಕಡೆ ತಿರುಗುತ್ತಿದ್ದಳು. ನಡೆದದ್ದನ್ನು ತಂಗಿಗೆ ಹೇಳಿದೆ. ಅವಳು ಬೈಯಲಿಲ್ಲ. "ಅಕ್ಕ, ನೀನೂನಾ?" ಎಂದಳು, ಅಷ್ಟೇ. ನಿಮ್ಮ ಆದೇಶಕ್ಕಿಂತ ಆ ಎರಡು ಪದ ನನಗೆ ಭಾರವಾದವು. ಹತ್ತೊಂಬತ್ತನೆಯ ದಿನ ಚೋಟಿ ಊಟದ ತಟ್ಟೆಯನ್ನು ತಳ್ಳುತ್ತಾ "ಬೇಡ" ಎಂದಳು. ಆಮೇಲೆ ಒಂದೊಂದಾಗಿ ಐದು ಪದ ಮರಳಿವೆ. ನಾಲ್ಕು ಇನ್ನೂ ಬಂದಿಲ್ಲ.

ತರಗತಿಯ ಬದಲಿಗೆ ವೆಬ್‌ಸೈಟಿನಲ್ಲಿರುವ ಆರು ವೀಡಿಯೊಗಳನ್ನು ನೋಡಿಕೊಳ್ಳಿ ಎಂದು ಆದೇಶ ಹೇಳುತ್ತದೆ. ನೋಡಿದೆ. ಚೆನ್ನಾಗಿವೆ, ಹಿನ್ನೆಲೆ ಸಂಗೀತವೂ ಇದೆ. ಮಗುವಿಗೆ ಹೆಚ್ಚು ಪ್ರಶ್ನೆ ಕೇಳಬೇಡಿ ಎಂದು ಎರಡನೆಯದರಲ್ಲಿ ಹೇಳುತ್ತಾರೆ. ಅದನ್ನು ನಾನು ಮೊದಲೇ ನೋಡಿದ್ದರೆ ತಲೆಯಾಡಿಸಿ, ನಾನೆಲ್ಲಿ ಅಷ್ಟು ಕೇಳುತ್ತೇನೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ನಾವು ವೀಡಿಯೊ ನೋಡಬಹುದು. ವೀಡಿಯೊ ನಮ್ಮನ್ನು ನೋಡುವುದಿಲ್ಲ. ಮಗುವನ್ನು ಎತ್ತಿ ಆಡಿಸುವವರಿಗೆ ತಮ್ಮ ತಪ್ಪು ತಮಗೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತು, ನಗುತ್ತಾ, ತೋರಿಸಿಕೊಡುವ ಒಬ್ಬ ಮನುಷ್ಯ ಬೇಕು. ಹಾಗೆ ಕೂರುತ್ತಿದ್ದ ಟೀಚರಮ್ಮನನ್ನು ನೀವು ಉಗ್ರಾಣ ವಿಭಾಗಕ್ಕೆ ವರ್ಗ ಮಾಡಿದ್ದೀರಿ. ಮಾತು ಕಲಿಸಲು ಕಲಿಸುತ್ತಿದ್ದ ಕೈಗಳು ಈಗ ಅಂಗನವಾಡಿಯ ತೂಕದ ಯಂತ್ರಗಳಿಗೆ ಚೀಟಿ ಅಂಟಿಸುತ್ತಿವೆಯಂತೆ.

ಎಂಟನೆಯ ವಾರದ ಪಾಠ ಎರಡು ಪದಗಳನ್ನು ಜೋಡಿಸುವುದು ಎಂದು ಟೀಚರಮ್ಮ ಹೇಳಿದ್ದರು. ಅದು ನಮಗೆ ಬರಲೇ ಇಲ್ಲ. ಇನ್ನು ಏಳು ತಿಂಗಳಿಗೆ ಚೋಟಿ ಶಾಲೆಗೆ ಸೇರಬೇಕು. ನೀರು ಬೇಕು, ಹೊಟ್ಟೆ ನೋವು, ಅವನು ಹೊಡೆದ ಎನ್ನುವುದಕ್ಕೆ ಎರಡು ಪದ ಬೇಕು. ಒಂದು ಪದದ ಮಗುವನ್ನು ನಲವತ್ತು ಮಕ್ಕಳ ಕೋಣೆಗೆ ಹೇಗೆ ಕಳಿಸಲಿ? ಕಣ್ಣು ಮುಚ್ಚಿಕೊಂಡು ಏನೋ ಒಂದು ಮಾಡಲು ನನಗೆ ಭಯ. ನಾನು ಒಮ್ಮೆ ಕೆಡಿಸಿದ್ದೇನೆ.

ಆದ್ದರಿಂದ ನಾವು ಕೇಳುತ್ತಿರುವುದು ದಯೆಯನ್ನಲ್ಲ. ಉಳಿದ ಐದು ಶನಿವಾರಗಳನ್ನು ಅದೇ ಕೋಣೆಯಲ್ಲಿ, ಅದೇ ಟೀಚರಮ್ಮನಿಂದ ನಡೆಸಿಕೊಡಿ. ಪಾಲಕರ ಸಹಕಾರವಿಲ್ಲ ಎಂಬ ವಾಕ್ಯವನ್ನು ಆದೇಶದಿಂದ ತೆಗೆದುಹಾಕಿ. ಮತ್ತೆ ನಿಲ್ಲಿಸಬೇಕೆಂದು ಅನ್ನಿಸಿದರೆ, ಅದಕ್ಕೆ ಮುಂಚೆ ನೀವೂ ಆ ಐದು ವಾರ ನಮ್ಮ ಜೊತೆ ಚಾಪೆಯ ಮೇಲೆ ಕೂತು ಕಲಿಯಿರಿ. ನಿಮಗಾಗಿ ತರಗತಿಯ ಪ್ರವೇಶ ಅರ್ಜಿಯೊಂದನ್ನು ಈ ಪತ್ರದೊಂದಿಗೆ ಕಳಿಸಿದ್ದೇನೆ. ಚಿಕ್ಕ ಅರ್ಜಿ. ಹೆಸರು, ವಿಳಾಸ, ಅದರ ಕೆಳಗೆ "ಮಗುವಿಗೆ ನೀವು ಏನಾಗಬೇಕು?" ಎಂದಿದೆ. ಕಂಡಕ್ಟರ್ ಅಲ್ಲಿ ತಾತ ಎಂದು ಬರೆದಿದ್ದರು, ಟೈಲರ್ ಹೆಂಗಸು ತಾಯಿ ಎಂದು, ನಾನು ದೊಡ್ಡಮ್ಮ ಎಂದು. ನೀವು ಯೋಚಿಸಿ ತುಂಬಿ. ಖಾಲಿ ಬಿಟ್ಟ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ ಎಂದು ಕೊನೆಯಲ್ಲಿ ಅಚ್ಚಾಗಿದೆ. ನಿಯಮ ನಿಮ್ಮದೇ.

ಇಂತಿ,
ನಿಮ್ಮ ಹಾಳೆಯನ್ನು ಮಗುವಿಗಿಂತ ಹೆಚ್ಚು ನಂಬಿದ
ಒಬ್ಬ ದೊಡ್ಡಮ್ಮ