ನೂರು ಕಾಳಿನ ಪರೀಕ್ಷೆ

ಮೇ ೨೬, ಮಂಗಳವಾರ, ಗಬ್ಬೂರು

ಹತ್ತಿಹೊಲ ಸಾರ್ವಭೌಮನೂ ಬೀಜವಿದ್ಯಾ ಪಾರಂಗತನೂ ಆದ ನನಗೆ ನಾನೇ ಹೇಳಿಕೊಳ್ಳುವ ಬಹುಪರಾಕ್! ಈ ಮನೆಯಲ್ಲಿ ಮೊದಲ ಸಲ ನನ್ನ ಮಾತು ಗೆದ್ದಿದೆ.

ಬಿತ್ತನೆಗೆ ಕಡೆಯ ಸಲ ಬಿಡಿಸಿದ ಜವಾರಿ ಹತ್ತಿಯ ಬೀಜವೇ ಸಾಕೆಂದು ಅಪ್ಪ. ಅದು ಜೊಳ್ಳು, ಮೊದಲು ಬಿಡಿಸಿದ್ದೇ ಬೇಕೆಂದು ನಾನು. ಎರಡರಲ್ಲೂ ನೂರು ನೂರು ಕಾಳು ಎಣಿಸಿ ಬೇರೆ ಬೇರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೆ. ಇವತ್ತು ಬಿಚ್ಚಿದರೆ ನನ್ನವು ಎಂಬತ್ತೆರಡು ಮೊಳೆತಿವೆ, ಅಪ್ಪನವು ಮೂವತ್ತು!

ಅವ್ವ ಬಿದ್ದು ಬಿದ್ದು ನಕ್ಕಳು. “ನೋಡ್ರಿ, ನಿಮ್ಮ ಕಾಳು ಇನ್ನಾ ಮಲಗ್ಯಾವ!”

ಅಪ್ಪ ಗಡ್ಡ ಕೆರೆದುಕೊಂಡ. “ಆತು ಬಿಡಲೇ, ಈ ಸಲ ಎರಡೆಕರೆಗೂ ನಿನ್ನ ಬೀಜಾನೇ ಬಿತ್ತೋಣು.”

ಹಿಗ್ಗಿಗೆ ನಿದ್ದೆಯೇ ಬರುತ್ತಿಲ್ಲ.

ಅಪ್ಪನ ಗೋಣಿಗೆ ನೀರು ಚಿಮುಕಿಸುವುದನ್ನು ಎರಡು ದಿನ ಮರೆತಿದ್ದೆ. ಮೂರನೇ ದಿನ ನೆನಪಿತ್ತು, ಆದರೂ ಚಿಮುಕಿಸಲಿಲ್ಲ.