ಬಾಡಿಗೆ ಅಜ್ಜಿ

ಮಾರ್ಚ್ 6, ಗುರುವಾರ

ರಂಜಾನ್ ನೋಂಬು, ಉಪವಾಸದ ಬಾಯಿ. ಎದುರಿಗೆ ಸ್ಕ್ರೀನ್ ತುಂಬ ಕರಿದ ಹಪ್ಪಳ. ಬೆಳಗಿನಿಂದ ಫೋಟೋ ಮಾರುವ ಸ್ಟಾಕ್ ಸೈಟಿನಲ್ಲಿ ಹುಡುಕುತ್ತಿದ್ದೇನೆ. ಉದ್ದಿನ ಹಪ್ಪಳ ರಾಶಿ ರಾಶಿ ಉಂಟು, ಹಲಸಿನದ್ದು ಒಂದೂ ಇಲ್ಲ. ಜಗತ್ತಿನ ಕ್ಯಾಮೆರಾ ಯಾವುದೂ ಘಟ್ಟ ಇಳಿದಿಲ್ಲ ಎಂದು ಕಾಣುತ್ತದೆ.

ಕಕ್ಕಿಂಜೆಯ ವಸಂತಣ್ಣನ ಹಲಸಿನ ಹಪ್ಪಳ. ಲೇಬಲ್, ಫ್ಲೆಕ್ಸ್ ಎರಡೂ ನನ್ನ ಕೈಯಲ್ಲಿ. ಪುತ್ತಿಗೆಯ ಮನೆ ಮಹಡಿಯಲ್ಲಿ ಸ್ವಂತ ಡಿಸೈನ್ ಕೆಲಸ ಶುರು ಮಾಡಿದ ಮೇಲೆ ಸಿಕ್ಕಿದ ಮೊದಲ ದೊಡ್ಡ ಕೆಲಸ. ಇದು ಕೆಟ್ಟರೆ ಪುನಃ ಬಿ.ಸಿ. ರೋಡಿಗೆ, ನಾಸಿರಾಕನ ಫ್ಲೆಕ್ಸ್ ಅಂಗಡಿಗೆ... ಅಲ್ಲಿಯ ಕೆಲಸ ಬಿಟ್ಟದ್ದೇ ಚಿತ್ರದ ಜಗಳದಲ್ಲಿ. "ಗೂಗಲಿನಿಂದ ತೆಗಿ, ವಾಟರ್‌ಮಾರ್ಕ್ ಒರೆಸು. ಯಾರು ಕೇಳ್ತಾರೆ ಫಿದಾ?" ದುಡ್ಡು ಕಟ್ಟದ ಚಿತ್ರದ ಮೇಲಿನ ಆ ಮುದ್ರೆಯನ್ನು ನಾನು ಒರೆಸಲಿಲ್ಲ. ಬ್ಯಾಗ್ ಎತ್ತಿಕೊಂಡು ಬಂದೆ.

ಕಡೆಗೆ ಅದೇ ಸೈಟಿನ ಫೋಟೋದಲ್ಲಿ ಒಬ್ಬಳು ಅಜ್ಜಿ ಸಿಕ್ಕಿದಳು. ಬೆಳ್ಳಿ ಕೂದಲು, ಮೂಗುತಿ, ಕಣ್ಣಲ್ಲೇ ನಗು. ದುಡ್ಡು ಕಟ್ಟಿ ಲೈಸೆನ್ಸ್ ತೆಗೆದೆ. ಕದ್ದದ್ದಲ್ಲ, ಹಾಗಾಗಿ ನೆಮ್ಮದಿ.

ಮಾರ್ಚ್ 11

ಕಕ್ಕಿಂಜೆ ಪೇಟೆಯಲ್ಲಿ ಫ್ಲೆಕ್ಸ್ ಎದ್ದಿತು. ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಅಜ್ಜಿ. ಕೆಳಗೆ ನಾನೇ ಬರೆದ ಸಾಲು — 'ಅಜ್ಜಿಯ ಕೈರುಚಿಯ ಸವಿನೆನಪು'. ಅಂದ ಉಂಟು. ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ.

ಮಾರ್ಚ್ 13, ಬೆಳಿಗ್ಗೆ

ವಸಂತಣ್ಣನ ಫೋನ್. ದನಿ ಏರಿತ್ತು.

"ನೀವು ಎಂತ ಮಾಡಿದ್ದು ಮಾರಾಯ್ರೆ? ನಿನ್ನೆಯಿಂದ ಮನೆಗೆ ಜನ ಬರ್ತಾ ಉಂಟು. ಯಾವಾಗ ಹೋದದ್ದು, ಉತ್ತರಕ್ರಿಯೆ ಯಾವತ್ತು ಅಂತ ಕೇಳ್ತಾರೆ."

ಮೊದಲು ತಲೆಬುಡ ತಿಳಿಯಲಿಲ್ಲ. ಫೈಲ್ ತೆರೆದು ನೋಡಿದೆ. ಮೊಟ್ಟೆಯಾಕಾರ, ಮುದುಕಿ, ಸವಿನೆನಪು. ನಮ್ಮ ಕಡೆ ಈ ಮೂರೂ ಒಟ್ಟಿಗೆ ಬರುವುದು ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ. ನಾಸಿರಾಕನ ಅಂಗಡಿಯಲ್ಲಿ ಅಂಥದ್ದು ಎಷ್ಟು ಮಾಡಿದ್ದೇನೋ. ಕೈ ಅಭ್ಯಾಸದ ದಾರಿ ಹಿಡಿಯಿತು, ತಲೆ ನಿದ್ದೆ ಮಾಡಿತು.

ವಸಂತಣ್ಣನಿಗೆ ತಾಯಿ ಇದ್ದಾರೆ, ಸೇಸಮ್ಮ. ಹಪ್ಪಳ ಮಾಡುವವರೇ ಅವರು. ದೂರದಿಂದ ಬಂದವರಿಗೆ ಅವರ ಮುಖ ಗೊತ್ತಿಲ್ಲ. ಬಾಗಿಲು ತೆರೆದದ್ದೂ ಅವರೇ ಅಂತೆ.

"ವಸಂತನ ಅಮ್ಮ ಹೋದರಂತಲ್ಲ?"

"ಹೋಗಿದ್ದೆ, ಹಿತ್ತಿಲಿಗೆ. ಈಗ ಬಂದೆ."

ಅದೇ ದಿನ, ಸಂಜೆ

ನೋಂಬು ಬಿಡುವ ಹೊತ್ತು. ಖರ್ಜೂರ ಕೈಯಲ್ಲಿರುವಾಗ ದುಬೈಯಿಂದ ಹನೀಫಾಕನ ಮೆಸೇಜ್. ಕನ್ಯಾನದವರು, ಅಲ್ಲಿ ಅಂಗಡಿ ಉಂಟು. ವಸಂತಣ್ಣನ ಹಪ್ಪಳ ತರಿಸುವವರು ಅವರೇ, ಹೊಸ ಲೇಬಲ್ ನೋಡಿದ್ದರು. ಒಂದು ಫೋಟೋ ಕಳಿಸಿದ್ದರು. ಬೇರೆ ಯಾವುದೋ ಕಂಪೆನಿಯ ಉಪ್ಪಿನಕಾಯಿ ಬಾಟಲಿ. ಅದರ ಮೇಲೆ ನಮ್ಮ ಅಜ್ಜಿ. ಅದೇ ಮೂಗುತಿ, ಅದೇ ನಗು.

"ಇವರು ಎಷ್ಟು ಮನೆಯ ಅಜ್ಜಿ ಫಿದಾ? ಕದ್ದ ಫೋಟೋವಾ?"

ಲೈಸೆನ್ಸ್ ಕಳಿಸಿದೆ. ಅವರಿಗೆ ಅದು ಸಾಲಲಿಲ್ಲ. ಸರಿಯೇ. ಲೈಸೆನ್ಸ್ ಎಂದರೆ ನಾವು ಬಳಸಬಹುದು ಎಂದು ಮಾತ್ರ, ಬೇರೆಯವರು ಬಳಸಬಾರದು ಎಂದಲ್ಲ. ಯಾರು ದುಡ್ಡು ಕಟ್ಟಿದರೂ ಅವರಿಗೂ ಅದೇ ಅಜ್ಜಿ. ಬಾಡಿಗೆ ಅಜ್ಜಿ.

ಈ ಲೇಬಲ್ ಆದರೆ ಮಾಲು ಬೇಡ ಎಂದರು ಹನೀಫಾಕ. ವಸಂತಣ್ಣ ಇನ್ನೂ ಸೀದಾ — "ಭಾನುವಾರದವರೆಗೆ ನೋಡ್ತೇನೆ. ಮತ್ತೆ ಬಿ.ಸಿ. ರೋಡಿನಲ್ಲಿ ನಾಸಿರಾಕನಿಗೆ ಕೊಡ್ತೇನೆ." ಹೆದರಿಕೆಯಾಯಿತು. ಮಹಡಿಗೆ ಬಂದು ಸ್ವಲ್ಪ ಅತ್ತದ್ದೂ ಹೌದು.

ಮಾರ್ಚ್ 15, ಶನಿವಾರ

ಕ್ಯಾಮೆರಾ ಹಿಡಿದು ಹೊರಟೆ. ಬೆಳ್ತಂಗಡಿಯಲ್ಲಿ ಬಸ್ ಬದಲಿಸಿ ಕಕ್ಕಿಂಜೆ. ಸೇಸಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸುತ್ತಿದ್ದರು. ಫೋಟೋ ಎಂದ ಕೂಡಲೇ ಮುಖಕ್ಕೆ ಕೈ ಅಡ್ಡ.

"ಫ್ಲೆಕ್ಸಿಗೆ ಹಾಕುವುದು ಸತ್ತವರನ್ನು. ನನಗೆ ಅಷ್ಟು ಅರ್ಜೆಂಟಿಲ್ಲ."

"ಸತ್ತವರು ಮಾತಾಡುವುದಿಲ್ಲವಲ್ಲ ಸೇಸಮ್ಮ. ನೀವು ಒಂದು ಮಾತು ಹೇಳಿ. ಅದನ್ನೇ ದೊಡ್ಡದಾಗಿ ಬರೀತೇನೆ."

ಯೋಚಿಸಿದರು. ಒಂದು ಹಪ್ಪಳ ಮಗುಚಿ ಹಾಕಿದರು.

"ಬರಿ ಹಾಗಾದರೆ. ನಾನು ಇದ್ದೇನೆ. ಹಪ್ಪಳವೂ ಉಂಟು."

ತಮ್ಮ ಮಾತಿಗೆ ತಾವೇ ನಗಾಡಿದರು. ಮುಂದಿನ ಹಲ್ಲು ಒಂದು ಇಲ್ಲ. ಕ್ಲಿಕ್.

ಒಪ್ಪಿಗೆ ಪತ್ರ ಓದಿ ಹೇಳಿದೆ. ಮುಖ ತಮ್ಮ ಹಪ್ಪಳಕ್ಕೆ ಮಾತ್ರ ಎಂದರು. ಹಪ್ಪಳ ಒತ್ತುವ ಕೈಯದ್ದೂ ಫೋಟೋ ತೆಗೆದಿದ್ದೆ, ಅದನ್ನು ಸ್ಟಾಕ್ ಸೈಟಿಗೆ ಹಾಕಲಾ ಎಂದು ಕೇಳಿದೆ.

"ಕೈ ಬೇಕಾದರೆ ಊರಿಗೆಲ್ಲ ಕೊಡು ಮಗಾ."

ಊರಿಗೆಲ್ಲ ಕೈ ಕೊಡು ಎಂದು ಬಾಯಿಬಿಟ್ಟು ಹೇಳಿದವರನ್ನು ಇವತ್ತೇ ನೋಡಿದ್ದು.

ಮಾರ್ಚ್ 22

ಭಾನುವಾರವೇ ವಸಂತಣ್ಣನಿಗೆ ತೋರಿಸಿ ಒಪ್ಪಿಸಿದ್ದ ಹೊಸ ಫ್ಲೆಕ್ಸ್, ಲೇಬಲ್ ಎರಡೂ ಆದವು. ಚೌಕಟ್ಟಿಲ್ಲ, ಸವಿನೆನಪಿಲ್ಲ. ಫ್ಲೆಕ್ಸ್ ತುಂಬ ಸೇಸಮ್ಮ, ಹಲ್ಲಿಲ್ಲದ ಸಂದಿಯ ಸಮೇತ. 'ನಾನು ಇದ್ದೇನೆ. ಹಪ್ಪಳವೂ ಉಂಟು.'

ಸಂತಾಪ ಹೇಳಲು ಬಂದಿದ್ದವರೇ ಪುನಃ ಬಂದು ಹಪ್ಪಳ ಒಯ್ದರಂತೆ. ಹನೀಫಾಕನ ಮೆಸೇಜ್ — "ಈ ಅಜ್ಜಿ ಬೇರೆ ಯಾರ ಮನೆಯಲ್ಲೂ ಇಲ್ಲ. ಎಷ್ಟು ಮಾಲು ಉಂಟೋ ಅಷ್ಟೂ ಕಳಿಸಿ." ವಸಂತಣ್ಣ ಮುಂದಿನ ವರ್ಷದ ಕೆಲಸವೂ ನನಗೇ ಎಂದರು. ಗೆದ್ದೆ. ಉಮ್ಮನನ್ನು ಹಿಡಿದು ಒಂದು ಸುತ್ತು ತಿರುಗಿಸಿದೆ, ಬೈಸಿಕೊಂಡೆ.

ಮಾರ್ಚ್ 31, ಪೆರ್ನಾಳ್ ಹಬ್ಬ

ಸೇಸಮ್ಮನ ಕೈ ಸ್ಟಾಕ್ ಸೈಟಿನಲ್ಲಿ ಪಾಸಾಯಿತು. ಹಲಸಿನ ಹಪ್ಪಳ ಎಂದು ಹುಡುಕಿದೆ. ಒಂದೇ ಒಂದು ಚಿತ್ರ ಬಂತು. ಕೆಳಗೆ ನನ್ನ ಹೆಸರು. ಇವತ್ತು ಎರಡು ಪೆರ್ನಾಳ್.

ಮೇ 9

ನಾಸಿರಾಕನ ಫೋನ್. ಅಂಗಡಿ ಬಿಟ್ಟ ಮೇಲೆ ಮೊದಲ ಸಲ.

"ಫಿದಾ, ಹಪ್ಪಳ ಒತ್ತುವ ಕೈಯದ್ದೊಂದು ಫೋಟೋ ಸಿಕ್ಕಿದೆ. ಗಿರಾಕಿಗೆ ಅದೇ ಬೇಕಂತೆ. ವಾಟರ್‌ಮಾರ್ಕ್ ಎಷ್ಟು ಒರೆಸಿದರೂ ಬೆರಳು ಹಾಳಾಗ್ತದೆ. ನಿನಗೆ ಏನಾದರೂ ದಾರಿ ಗೊತ್ತುಂಟಾ?"

ಲಿಂಕ್ ಕಳಿಸಿ ಎಂದೆ. ಕಳಿಸಿದರು. ನೋಡಿದೆ, ನಗು ತಡೆದುಕೊಂಡೆ.

"ನಾಸಿರಾಕ, ಕೆಳಗೆ ಫೋಟೋ ತೆಗೆದವರ ಹೆಸರು ಉಂಟು. ಓದಿ."

ಆ ಕಡೆ ಮೌಸ್ ಒತ್ತಿದ ಸದ್ದು.

"...ನಿನ್ನದಾ?"

"ನನ್ನದೇ. ಲೈಸೆನ್ಸ್ ಬಟನ್ ಬಲಗಡೆ ಉಂಟು."

ಫೋನ್ ಇಟ್ಟರು. ಕೋಪವೋ ನಾಚಿಕೆಯೋ ಗೊತ್ತಿಲ್ಲ. ಆದರೆ ಚಹಾ ಕುಡಿದು ಮುಗಿಸುವ ಮೊದಲು ಸೈಟಿನಿಂದ ಮೇಲ್ ಬಂತು. ನನ್ನ ಫೋಟೋದ ಲೈಸೆನ್ಸ್ ಒಂದು ಮಾರಾಟವಾಗಿದೆ.

ಕೂಡಲೇ ಸೇಸಮ್ಮನಿಗೆ ಫೋನ್ ಮಾಡಿದೆ. ನಿಮ್ಮ ಕೈಯನ್ನು ಒಬ್ಬರು ಬಾಡಿಗೆಗೆ ತೆಗೆದರು ಎಂದೆ.

"ಯಾರು ಅದು?"

"ವಾಟರ್‌ಮಾರ್ಕ್ ಒರೆಸು ಅಂತಿದ್ದವರು."

ಸೇಸಮ್ಮ ನಗಲಿಕ್ಕೆ ಶುರು ಮಾಡಿದರು. ನಾನೂ. ಉಮ್ಮ ಕೆಳಗಿನಿಂದ ಕೂಗುತ್ತಿದ್ದಾರೆ, ಹಪ್ಪಳ ಕರಿದಾಗಿದೆಯಂತೆ, ಮೆತ್ತಗಾಗುವ ಮೊದಲು—